ಮಧ್ಯ ಶತಮಾನದ ಆಧುನಿಕ ಗೋಡೆ ಗಡಿಯಾರ

ಎರಡನೆಯ ಮಹಾಯುದ್ಧ ಮುಗಿದ ಮೇಲಿನ ಸುಮಾರು ಇಪ್ಪತ್ತೈದು ವರ್ಷಗಳಲ್ಲಿ, ಮುಖ್ಯವಾಗಿ ಅಮೆರಿಕ ಮತ್ತು ಪಶ್ಚಿಮ ಯೂರೋಪಿನಲ್ಲಿ, ರೂಪುಗೊಂಡ ಗೋಡೆ ಗಡಿಯಾರಗಳ ಒಂದು ವಿನ್ಯಾಸ ಪರಂಪರೆ. ಅಂಕಿಗಳನ್ನು ಕೈಬಿಟ್ಟ ಇಲ್ಲವೇ ತೀರ ಸರಳಗೊಳಿಸಿದ ಮುಖ, ಪೆಟ್ಟಿಗೆಯ ಹಂಗಿಲ್ಲದ ಮೈ, ಮರ, ಹಿತ್ತಾಳೆ, ಅಲ್ಯೂಮಿನಿಯಂಗಳನ್ನು ಮರೆಮಾಚದೆ ಬಳಸುವ ರೀತಿ, ನಕ್ಷತ್ರ, ಹೂವು, ಅಣು ಮೊದಲಾದವುಗಳನ್ನು ನೆನಪಿಸುವ ಆಕಾರಗಳು ಇವುಗಳಲ್ಲಿ ಎದ್ದು ಕಾಣುತ್ತವೆ. ಇವುಗಳನ್ನು ರೂಪಿಸಿದವರು ತಮ್ಮ ಕೆಲಸವನ್ನು 'ಆಧುನಿಕ' ಎಂದಷ್ಟೇ ಕರೆಯುತ್ತಿದ್ದರು. 'ಮಿಡ್-ಸೆಂಚುರಿ ಮಾಡರ್ನ್' ಎಂಬ ಹೆಸರು ಜನಪ್ರಿಯವಾದದ್ದು ಕಾರಾ ಗ್ರೀನ್‌ಬರ್ಗ್ 1950ರ ದಶಕದ ಪೀಠೋಪಕರಣಗಳ ಬಗ್ಗೆ 1984ರಲ್ಲಿ ಪ್ರಕಟಿಸಿದ ಪುಸ್ತಕದಿಂದ.

ಈ ಗಡಿಯಾರಗಳನ್ನು ಯುದ್ಧಾನಂತರದ ಉಲ್ಲಾಸದ, ಅಣುಯುಗದ ಬೆರಗಿನ ಫಲವೆಂದು ವಿವರಿಸುವುದು ರೂಢಿ. ಅದರಲ್ಲಿ ಸತ್ಯಾಂಶವಿದೆ, ಆದರೆ ಅಷ್ಟಕ್ಕೇ ನಿಂತರೆ ವಿಷಯದ ತಿರುಳು ತಪ್ಪಿಹೋಗುತ್ತದೆ. ಗೋಡೆ ಗಡಿಯಾರದ ರೂಪ ಬದಲಾಗುವ ಮೊದಲು ಅದರ ಕೆಲಸ ಬದಲಾಗಿತ್ತು. ಕಾಲವನ್ನು ಅಳೆಯುವ ಹೊಣೆ ಅದರ ಹೊಟ್ಟೆಯಿಂದ ದೂರದ ವಿದ್ಯುತ್ ಸ್ಥಾವರಕ್ಕೆ ಹೋಗಿತ್ತು. ಕಾಲವನ್ನು ತಿಳಿಸುವ ಹೊಣೆಯಲ್ಲಿ ದೊಡ್ಡ ಪಾಲನ್ನು ಕೈಗಡಿಯಾರ ಹೊತ್ತುಕೊಂಡಿತ್ತು. ಈ ಎರಡು ಭಾರಗಳು ಇಳಿದಾಗ ಉಳಿದ ವಸ್ತು ಹೇಗಿರಬೇಕು ಎಂಬ ಪ್ರಶ್ನೆಗೆ ವಿನ್ಯಾಸಕರು ಕೊಟ್ಟ ಬೇರೆ ಬೇರೆ ಉತ್ತರಗಳೇ ಈ ಪರಂಪರೆ.

ತಾಂತ್ರಿಕ ಹಿನ್ನೆಲೆ

ಹಳೆಯ ಲೋಲಕದ ಗಡಿಯಾರದಲ್ಲಿ ಮೈಯ ಅಳತೆಯನ್ನು ಒಳಗಿನ ಯಂತ್ರವೇ ನಿರ್ಧರಿಸುತ್ತಿತ್ತು. ಒಂದು ಸೆಕೆಂಡಿಗೆ ಒಮ್ಮೆ ಟಿಕ್ ಎನ್ನುವ ಲೋಲಕಕ್ಕೆ ಸುಮಾರು ಒಂದು ಮೀಟರ್ ಉದ್ದ ಬೇಕು. ಅದು ಗಾಳಿಗೆ ಅಲುಗದಂತೆ ಪೆಟ್ಟಿಗೆ ಬೇಕು, ಕೀ ಕೊಡಲು ಪೆಟ್ಟಿಗೆಗೆ ಬಾಗಿಲು ಬೇಕು, ಮುಳ್ಳುಗಳ ಹಿಂದೆ ಹಲ್ಲುಚಕ್ರಗಳ ಸಾಲನ್ನು ಮರೆಮಾಡಲು ದಪ್ಪ ಮುಖಫಲಕ ಬೇಕು. ಲೋಲಕದ ಬದಲು ಸ್ಪ್ರಿಂಗಿನ ಗಾಲಿ ಬಂದಾಗ ಗಾತ್ರ ಕುಗ್ಗಿತು. ಆದರೂ ಪೆಟ್ಟಿಗೆ, ಗಾಜು, ಹನ್ನೆರಡು ಅಂಕಿಗಳು ಹಾಗೇ ಉಳಿದವು.

ಈ ಕಟ್ಟು ಸಡಿಲಗೊಂಡದ್ದು ಸಿಂಕ್ರೊನಸ್ ಮೋಟಾರಿನಿಂದ. ಪರ್ಯಾಯ ವಿದ್ಯುತ್ ಪ್ರವಾಹ ಅಮೆರಿಕದಲ್ಲಿ ಸೆಕೆಂಡಿಗೆ 60 ಸಲ ಆವರ್ತಿಸುತ್ತದೆ. ಆ ಲಯಕ್ಕೆ ಕಟ್ಟುಬಿದ್ದು ತಿರುಗುವ ಎರಡು ಧ್ರುವಗಳ ಮೋಟಾರು ನಿಮಿಷಕ್ಕೆ ಸರಿಯಾಗಿ 3,600 ಸುತ್ತು ಹಾಕುತ್ತದೆ. ಅದನ್ನು ಗೇರುಗಳಿಂದ ಇಳಿಸಿದರೆ ಮುಳ್ಳುಗಳಿಗೆ ಬೇಕಾದ ವೇಗ ಸಿಗುತ್ತದೆ. ಲೋಲಕವಿಲ್ಲ, ಕೀ ಇಲ್ಲ, ಟಿಕ್ ಟಿಕ್ ಸದ್ದೂ ಇಲ್ಲ. ಆದರೆ ಸ್ಥಾವರದ ಲಯ ನಿಖರವಾಗಿಲ್ಲದಿದ್ದರೆ ಇದೆಲ್ಲ ವ್ಯರ್ಥ. ಮ್ಯಾಸಚೂಸೆಟ್ಸ್‌ನ ಆ್ಯಶ್‌ಲ್ಯಾಂಡಿನ ಹೆನ್ರಿ ವಾರನ್ ಈ ತೊಡಕನ್ನು ಎರಡೂ ತುದಿಗಳಿಂದ ಬಿಡಿಸಿದರು. ತಾನಾಗಿ ಚಾಲೂ ಆಗುವ ಪುಟ್ಟ ಮೋಟಾರನ್ನು ತಯಾರಿಸಿದ್ದಲ್ಲದೆ, 1916ರಲ್ಲಿ ಬಾಸ್ಟನ್ನಿನ ಎಡಿಸನ್ ಕಂಪನಿಯ ಸ್ಥಾವರದಲ್ಲಿ ಒಂದು ಮುಖ್ಯ ಗಡಿಯಾರವನ್ನು ಸ್ಥಾಪಿಸಿದರು. ಅದರಲ್ಲಿ ಒಂದು ಮುಳ್ಳು ನಿಖರವಾದ ಲೋಲಕದಿಂದ, ಇನ್ನೊಂದು ಸ್ಥಾವರದ್ದೇ ವಿದ್ಯುತ್ತಿನಿಂದ ನಡೆಯುತ್ತಿತ್ತು. ಎರಡೂ ಜೊತೆಯಲ್ಲಿ ಸಾಗುವಂತೆ ಜನರೇಟರಿನ ವೇಗವನ್ನು ನೋಡಿಕೊಳ್ಳುವುದು ಸಿಬ್ಬಂದಿಯ ಕೆಲಸ. ಹೀಗೆ ಒಂದು ಊರಿನ ಮನೆಮನೆಯ ಗಡಿಯಾರಗಳು ಒಂದೇ ಸ್ಥಾವರದ ಲೋಲಕಕ್ಕೆ ತಂತಿಯ ಮೂಲಕ ಕಟ್ಟಿಕೊಂಡವು. ವಾರನ್‌ರ ಕಂಪನಿ ಮುಂದೆ ಟೆಲಿಕ್ರಾನ್ ಎಂಬ ಹೆಸರಿನಿಂದ ಅಮೆರಿಕದ ಅಡುಗೆಮನೆಗಳಲ್ಲಿ ಮನೆಮಾತಾಯಿತು. ಬ್ರಿಟನ್ನಿನಲ್ಲಿ ಸ್ಮಿತ್ಸ್ ಕಂಪನಿಯ 'ಸೆಕ್ಟ್ರಿಕ್' ಗಡಿಯಾರಗಳು ಇದೇ ಕೆಲಸ ಮಾಡಿದವು.

ಇಂಥ ಗಡಿಯಾರ ತನ್ನ ಊರಿನ ವಿದ್ಯುತ್ತಿಗೆ ಎಷ್ಟು ಅಂಟಿಕೊಂಡಿರುತ್ತದೆ ಎಂಬುದಕ್ಕೆ ಹಳೆಯ ಮೈಸೂರು ಸಂಸ್ಥಾನವೇ ಒಳ್ಳೆಯ ಉದಾಹರಣೆ. ಶಿವನಸಮುದ್ರದಲ್ಲಿ 1902ರಲ್ಲಿ ಆರಂಭವಾದ ಜಲವಿದ್ಯುತ್ ಕೇಂದ್ರ 25 ಹರ್ಟ್ಜ್ ಆವೃತ್ತಿಯ ವಿದ್ಯುತ್ತನ್ನು ಉತ್ಪಾದಿಸುತ್ತಿತ್ತು. 60 ಹರ್ಟ್ಜ್‌ಗೆಂದು ಮಾಡಿದ ಅಮೆರಿಕದ ಗಡಿಯಾರ ಅಂಥ ವಿದ್ಯುತ್ತಿನಲ್ಲಿ ಓಡಿದರೆ ಒಂದು ತಾಸು ಕಳೆಯುವಷ್ಟರಲ್ಲಿ 25 ನಿಮಿಷ ಮಾತ್ರ ಮುಂದೆ ಹೋಗುತ್ತದೆ. ಇಂದಿನ 50 ಹರ್ಟ್ಜ್ ಜಾಲದಲ್ಲೂ ತಾಸಿಗೆ ಹತ್ತು ನಿಮಿಷ ಹಿಂದೆ ಬೀಳುತ್ತದೆ. ವೋಲ್ಟೇಜಿನ ವ್ಯತ್ಯಾಸವನ್ನು ಟ್ರಾನ್ಸ್‌ಫಾರ್ಮರಿನಿಂದ ಸರಿಪಡಿಸಬಹುದು. ಆವೃತ್ತಿಯ ವ್ಯತ್ಯಾಸವನ್ನು ಅದು ಮುಟ್ಟಲಾರದು. ಆ ಕಾಲದ ಅಮೆರಿಕದ ಗಡಿಯಾರವನ್ನು ಇಂದು ಭಾರತಕ್ಕೆ ತಂದವರು ಮೊದಲು ಎದುರಿಸುವ ಸಮಸ್ಯೆ ಇದೇ.

ವಿನ್ಯಾಸಕರಿಗೆ ಸಿಂಕ್ರೊನಸ್ ಮೋಟಾರು ಕೊಟ್ಟ ಲಾಭ ಸರಳ. ಯಂತ್ರವೆಲ್ಲ ಅಂಗೈಯಲ್ಲಿ ಹಿಡಿಯುವ ಒಂದು ಡಬ್ಬಿಯೊಳಗೆ ಅಡಗಿತು. ಡಬ್ಬಿಯ ಸುತ್ತ ಏನನ್ನು ಬೇಕಾದರೂ ಇಡಬಹುದಿತ್ತು, ಏನನ್ನೂ ಇಡದೆಯೂ ಇರಬಹುದಿತ್ತು. ಉಳಿದ ಒಂದೇ ತೊಡಕೆಂದರೆ ಗೋಡೆಯ ಮೇಲೆ ಇಳಿಬೀಳುವ ತಂತಿ. ಅಮೆರಿಕದ ಹಲವು ಮನೆಗಳಲ್ಲಿ ಗಡಿಯಾರ ನೇತುಹಾಕುವ ಎತ್ತರದಲ್ಲೇ ಗೋಡೆಯೊಳಕ್ಕೆ ತಗ್ಗಿಸಿದ ಪ್ಲಗ್ಗನ್ನು ಕೂರಿಸಿ ತಂತಿಯನ್ನು ಗಡಿಯಾರದ ಹಿಂದೆ ಮುಚ್ಚುತ್ತಿದ್ದರು.

ಜೀಲ್ಯಾಂಡಿನ ಎರಡು ಕಂಪನಿಗಳು

ಮಿಶಿಗನ್ ರಾಜ್ಯದ ಜೀಲ್ಯಾಂಡ್ ಎಂಬ ಸಣ್ಣ ಊರು ಈ ಕಥೆಯ ಕೇಂದ್ರ. ಡಿ. ಜೆ. ಡಿಪ್ರೀ 1923ರಲ್ಲಿ ಅಲ್ಲಿನ ಪೀಠೋಪಕರಣ ಕಾರ್ಖಾನೆಯನ್ನು ತಮ್ಮ ಮಾವ ಹರ್ಮನ್ ಮಿಲ್ಲರ್‌ರ ನೆರವಿನಿಂದ ಕೊಂಡು, ಅದಕ್ಕೆ ಅವರದೇ ಹೆಸರಿಟ್ಟರು. 1926ರಲ್ಲಿ ಅದರ ಜೊತೆಗೇ ಗಡಿಯಾರದ ವಿಭಾಗವೊಂದು ಹುಟ್ಟಿತು. ಹರ್ಮನ್ ಮಿಲ್ಲರ್‌ರ ಮಗ ಹೊವರ್ಡ್ ಅದನ್ನು ನಡೆಸುತ್ತಿದ್ದರು. 1937ರಲ್ಲಿ ಅದು ಬೇರ್ಪಟ್ಟು ಹೊವರ್ಡ್ ಮಿಲ್ಲರ್ ಕ್ಲಾಕ್ ಕಂಪನಿ ಆಯಿತು. ಆಧುನಿಕ ವಿನ್ಯಾಸದ ಕಡೆಗೆ ಮೊದಲ ಹೆಜ್ಜೆ ಗಿಲ್ಬರ್ಟ್ ರೋಡ್ (1894–1944) ಅವರದು. 1933ರ ಷಿಕಾಗೋ ವಿಶ್ವಮೇಳದ ಹೊತ್ತಿಗೆ ಅವರು ಈ ಕಂಪನಿಗೆ ಕ್ರೋಮ್ ಮತ್ತು ಗಾಜಿನ ಸರಳ ವಿದ್ಯುತ್ ಗಡಿಯಾರಗಳನ್ನು ರೂಪಿಸಿಕೊಟ್ಟರು. ಮಧ್ಯ ಶತಮಾನದ ಚರಿತ್ರೆ ಬರೆಯುವವರು ರೋಡ್‌ರನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುವುದುಂಟು. ಡಿಪ್ರೀ ಅವರ ಮನಸ್ಸನ್ನು ಹಳೆಯ ಶೈಲಿಗಳ ನಕಲಿನಿಂದ ಬಿಡಿಸಿದವರು ಅವರೇ ಎಂಬುದನ್ನು ನೆನೆದರೆ ಇದು ಅನ್ಯಾಯ.

ರೋಡ್ ತೀರಿಕೊಂಡ ಮೇಲೆ ಡಿಪ್ರೀ ಹೊಸಬರನ್ನು ಹುಡುಕುತ್ತಿದ್ದಾಗ ಕಣ್ಣಿಗೆ ಬಿದ್ದವರು ಜಾರ್ಜ್ ನೆಲ್ಸನ್ (1908–1986). ಯೇಲ್ ವಿಶ್ವವಿದ್ಯಾಲಯದಲ್ಲಿ ವಾಸ್ತುಶಿಲ್ಪ ಓದಿದ ನೆಲ್ಸನ್ ಆಗ ವಾಸ್ತುಶಿಲ್ಪದ ಪತ್ರಿಕೆಯೊಂದರ ಸಂಪಾದಕವರ್ಗದಲ್ಲಿದ್ದರು. 1945ರಲ್ಲಿ ಹೆನ್ರಿ ರೈಟ್ ಜೊತೆ ಸೇರಿ ಮುಂದಿನ ಕಾಲದ ಮನೆಯ ಬಗ್ಗೆ ಪುಸ್ತಕ ಬರೆದಿದ್ದರು. ಎರಡು ಕೋಣೆಗಳ ನಡುವಿನ ಗೋಡೆಯನ್ನೇ ಕಪಾಟಾಗಿ ಮಾಡುವ ಅವರ 'ಸ್ಟೋರೇಜ್ ವಾಲ್' ಕಲ್ಪನೆಯನ್ನು ಅದೇ ವರ್ಷ ಲೈಫ್ ಪತ್ರಿಕೆ ಅಮೆರಿಕದ ಉದ್ದಗಲಕ್ಕೆ ತಲುಪಿಸಿತು. ಪೀಠೋಪಕರಣ ತಯಾರಿಕೆಯ ಅನುಭವ ಹೆಚ್ಚಿಲ್ಲದ ಈ ಬರಹಗಾರನನ್ನು ಡಿಪ್ರೀ ಹರ್ಮನ್ ಮಿಲ್ಲರ್ ಕಂಪನಿಯ ವಿನ್ಯಾಸ ನಿರ್ದೇಶಕನನ್ನಾಗಿ ನೇಮಿಸಿದರು. ಹೊವರ್ಡ್ ಮಿಲ್ಲರ್ ಕೂಡ ತಮ್ಮ ಗಡಿಯಾರಗಳನ್ನು ನೆಲ್ಸನ್‌ರ ನ್ಯೂಯಾರ್ಕ್ ಕಚೇರಿಗೇ ಒಪ್ಪಿಸಿದರು. ಆ ಒಪ್ಪಂದದಿಂದ ಮುಂದಿನ ದಶಕಗಳಲ್ಲಿ ನೂರಕ್ಕೂ ಹೆಚ್ಚು ಗಡಿಯಾರಗಳು ಹೊರಬಂದವು.

ಕೆಲಸ ಶುರುಮಾಡುವಾಗ ನೆಲ್ಸನ್‌ರ ಕಚೇರಿ ಎರಡು ಸಂಗತಿಗಳನ್ನು ಗಮನಿಸಿತು. ಮೊದಲನೆಯದು, ಜನ ಗಡಿಯಾರದಲ್ಲಿ ಅಂಕಿಯನ್ನು ಓದುವುದಿಲ್ಲ, ಮುಳ್ಳುಗಳು ಒಂದಕ್ಕೊಂದು ಯಾವ ಕೋನದಲ್ಲಿವೆ ಎಂಬುದನ್ನು ನೋಡಿ ಹೊತ್ತು ತಿಳಿಯುತ್ತಾರೆ. ಎರಡನೆಯದು, ಬಹುಪಾಲು ಜನರ ಮುಂಗೈಯಲ್ಲಿ ಗಡಿಯಾರವಿದೆ. ಆದ್ದರಿಂದ ಗೋಡೆಯ ಗಡಿಯಾರ ಈಗ ಕೋಣೆಯ ಅಲಂಕಾರದ ಭಾಗ. ಎರಡೂ ಸಾದಾ ಮಾತುಗಳಂತೆ ತೋರುತ್ತವೆ, ಆದರೆ ಪರಿಣಾಮ ದೊಡ್ಡದು. ಮೊದಲ ಮಾತು ಅಂಕಿಗಳನ್ನು ತೆಗೆಯಲು ಕಾರಣ ಕೊಟ್ಟಿತು, ಎರಡನೆಯದು ಆ ಜಾಗದಲ್ಲಿ ಬೇರೇನನ್ನಾದರೂ ಇಡಲು ಅನುಮತಿ ಕೊಟ್ಟಿತು.

ಬಾಲ್ ಕ್ಲಾಕ್

ಈ ಸಾಲಿನ ಅತ್ಯಂತ ಪ್ರಸಿದ್ಧ ಗಡಿಯಾರ 1948–49ರ ಹೊತ್ತಿನ 'ಬಾಲ್ ಕ್ಲಾಕ್'. ನಡುವೆ ಹಿತ್ತಾಳೆಯ ದುಂಡನೆಯ ಡಬ್ಬಿ; ಅದರಿಂದ ಹೊರಟ ಹನ್ನೆರಡು ಹಿತ್ತಾಳೆಯ ಕಡ್ಡಿಗಳು; ಪ್ರತಿ ಕಡ್ಡಿಯ ತುದಿಗೆ ಬಣ್ಣ ಬಳಿದ ಒಂದು ಮರದ ಗುಂಡು. ಕಪ್ಪು ಮುಳ್ಳುಗಳಲ್ಲಿ ಒಂದರ ಮೇಲೆ ತ್ರಿಕೋನ, ಇನ್ನೊಂದರ ಮೇಲೆ ಅಂಡಾಕಾರದ ಬಿಲ್ಲೆ. ಇಡೀ ಗಡಿಯಾರದ ವ್ಯಾಸ 33 ಸೆಂ.ಮೀ. ಮುಖಫಲಕ ಎಂಬುದೇ ಇಲ್ಲ. ಮುಳ್ಳುಗಳ ಹಿಂದೆ ಕಾಣುವುದು ಮನೆಯ ಗೋಡೆ.

ಮುಳ್ಳುಗಳ ತಲೆಯ ಆ ಎರಡು ಆಕಾರಗಳನ್ನು ಸೊಬಗಿಗಾಗಿ ಇಟ್ಟದ್ದೆಂದು ತಳ್ಳಿಹಾಕುವಂತಿಲ್ಲ. ಅಂಕಿಯೂ ಇಲ್ಲ, ಹಿನ್ನೆಲೆಯ ಬಿಳಿ ಫಲಕವೂ ಇಲ್ಲ ಎಂದಾದಾಗ ಗಂಟೆಯ ಮುಳ್ಳು ಯಾವುದು, ನಿಮಿಷದ ಮುಳ್ಳು ಯಾವುದು ಎಂಬುದು ಕೋಣೆಯ ಆಚೆ ತುದಿಯಿಂದಲೂ ತಟ್ಟನೆ ತಿಳಿಯಬೇಕು. ಉದ್ದದ ವ್ಯತ್ಯಾಸ ಅದಕ್ಕೆ ಸಾಲದು. ಬಣ್ಣ ಬಣ್ಣದ ಗೋಡೆಗಳ ಮುಂದೆ ತೆಳ್ಳನೆಯ ಮುಳ್ಳು ಕರಗಿಹೋಗುತ್ತದೆ, ತ್ರಿಕೋನ ಮತ್ತು ಅಂಡಾಕಾರ ಕರಗುವುದಿಲ್ಲ. ಈ ಗಡಿಯಾರದ ನಕಲುಗಳನ್ನು ನೋಡಿದರೆ ಅನೇಕ ಸಲ ಗುಂಡುಗಳು ಸರಿಯಾಗಿಯೇ ಇರುತ್ತವೆ, ಮುಳ್ಳುಗಳು ಮಾತ್ರ ಸಾಧಾರಣವಾಗಿರುತ್ತವೆ. ಗುಂಡುಗಳು ಕಣ್ಣನ್ನು ಸೆಳೆಯುತ್ತವೆ, ಮುಳ್ಳುಗಳು ಕೆಲಸ ಮಾಡುತ್ತವೆ. ನಕಲು ಮಾಡುವವರು ಮೊದಲನೆಯದನ್ನಷ್ಟೇ ನೋಡಿದ್ದಾರೆ.

ಅಂಕಿಯಿಲ್ಲದ ಗಡಿಯಾರಕ್ಕೆ ಒಂದು ಶಿಸ್ತು ಬೇಕು: ಅದನ್ನು ನೇರವಾಗಿ ನೇತುಹಾಕಬೇಕು. ಹನ್ನೆರಡು ಗುಂಡುಗಳೂ ಸಮಾನ ಅಂತರದಲ್ಲಿರುವುದರಿಂದ, ಬಾಲ್ ಕ್ಲಾಕನ್ನು ಬಲಕ್ಕೆ 30 ಡಿಗ್ರಿ ತಿರುಗಿಸಿ ತೂಗುಹಾಕಿದರೂ ಸೊಟ್ಟಗಿದೆ ಎಂದು ಕಣ್ಣಿಗೆ ತಿಳಿಯುವುದಿಲ್ಲ. ಆದರೆ ಮೂರು ಗಂಟೆಯಾದಾಗ ಅದು ನಾಲ್ಕು ಗಂಟೆ ಐದು ನಿಮಿಷ ಎಂದು ತೋರುತ್ತದೆ. ಅಂಕಿಗಳು ಇಷ್ಟು ಕಾಲ ಸದ್ದಿಲ್ಲದೆ ಮಾಡುತ್ತಿದ್ದ ಒಂದು ಕೆಲಸ, ಮೇಲು ಯಾವುದು ಎಂದು ಹೇಳುವುದು, ಈಗ ಗೋಡೆಯ ಮೊಳೆಗೆ ವರ್ಗವಾಯಿತು.

ಈ ಗಡಿಯಾರವನ್ನು ರೂಪಿಸಿದವರು ಯಾರು? ನೆಲ್ಸನ್ ಹೇಳುತ್ತಿದ್ದ ಕಥೆ ಪ್ರಸಿದ್ಧವಾಗಿದೆ. ಒಂದು ಸಂಜೆ ಅವರ ಕಚೇರಿಯಲ್ಲಿ ಶಿಲ್ಪಿ ಇಸಾಮು ನೊಗುಚಿ, ವಿನ್ಯಾಸಕ ಬಕ್‌ಮಿನ್‌ಸ್ಟರ್ ಫುಲ್ಲರ್, ಕಚೇರಿಯವರೇ ಆದ ಅರ್ವಿಂಗ್ ಹಾರ್ಪರ್ ಸೇರಿದ್ದರು. ಕುಡಿಯುತ್ತ, ಹರಟುತ್ತ, ಒಬ್ಬರ ಕೈಯಿಂದ ಒಬ್ಬರು ಪೆನ್ಸಿಲ್ ಕಿತ್ತುಕೊಂಡು ನಕ್ಷೆಯ ಕಾಗದದ ಸುರುಳಿಯ ಮೇಲೆ ಗಡಿಯಾರಗಳನ್ನು ಬರೆದರು. ಮರುದಿನ ಬೆಳಗ್ಗೆ ಆ ಕಾಗದದಲ್ಲಿ ಬಾಲ್ ಕ್ಲಾಕ್ ಇತ್ತು. ಬರೆದವರು ಯಾರೆಂದು ಯಾರಿಗೂ ಖಚಿತವಿರಲಿಲ್ಲ. ನೊಗುಚಿ ಇರಬಹುದೆಂಬುದು ನೆಲ್ಸನ್‌ರ ಊಹೆ. ಕಥೆ ಸೊಗಸಾಗಿದೆ. ಆದರೆ ಅದರ ಮೋಡಿಯಲ್ಲಿ ಒಬ್ಬರ ಹೆಸರು ಬಹಳ ಕಾಲ ಮರೆಯಾಗಿಹೋಯಿತು.

ಅರ್ವಿಂಗ್ ಹಾರ್ಪರ್

ಅರ್ವಿಂಗ್ ಹಾರ್ಪರ್ (1916–2015) 1947ರಿಂದ 1963ರವರೆಗೆ ನೆಲ್ಸನ್‌ರ ಕಚೇರಿಯಲ್ಲಿದ್ದರು. ಹರ್ಮನ್ ಮಿಲ್ಲರ್ ಕಂಪನಿ ಇಂದಿಗೂ ಬಳಸುವ 'ಎಂ' ಲಾಂಛನವನ್ನು ಬರೆದವರು ಅವರು, ದುಂಡು ದಿಂಬುಗಳ 'ಮಾರ್ಷ್‌ಮ್ಯಾಲೊ' ಸೋಫಾವನ್ನು ರೂಪಿಸಿದವರೂ ಅವರೇ. ಹೊವರ್ಡ್ ಮಿಲ್ಲರ್ ಗಡಿಯಾರಗಳ ಮುಖ್ಯ ವಿನ್ಯಾಸಕ ಹಾರ್ಪರ್ ಎಂಬುದನ್ನು ಇಂದು ಸಂಗ್ರಹಾಲಯಗಳೂ ಇತಿಹಾಸಕಾರರೂ ಒಪ್ಪಿದ್ದಾರೆ. ಗಡಿಯಾರಗಳ ಹಿಂಬದಿಯ ಚೀಟಿಯಲ್ಲಿ ಇದ್ದದ್ದು ಮಾತ್ರ ಜಾರ್ಜ್ ನೆಲ್ಸನ್ ಹೆಸರು. ಕಚೇರಿಯಿಂದ ಹೊರಬಂದ ಕೆಲಸಕ್ಕೆಲ್ಲ ಕಚೇರಿಯ ಯಜಮಾನನ ಹೆಸರು ಹಾಕುವುದು ಆ ಕಾಲದ ಪದ್ಧತಿ. ಗ್ರಾಹಕರಿಗೆ ಮಾರಲು ಒಂದೇ ಹೆಸರಿದ್ದರೆ ಅನುಕೂಲವೂ ಹೌದು. ನೆಲ್ಸನ್ ಒಳ್ಳೆಯ ಚಿಂತಕರು, ಒಳ್ಳೆಯ ಬರಹಗಾರರು, ಪ್ರತಿಭಾವಂತರನ್ನು ಕಲೆಹಾಕಬಲ್ಲವರು. ಗಡಿಯಾರದ ಮೇಲೆ ಅಂಕಿ ಬೇಡವೆಂಬ ತರ್ಕ ಅವರದೇ ಇರಬಹುದು. ಆದರೆ ಆ ತರ್ಕವನ್ನು ಮರದಲ್ಲಿ, ಲೋಹದಲ್ಲಿ ಹತ್ತಾರು ಬಗೆಯಾಗಿ, ಒಂದು ಮತ್ತೊಂದರಂತಿಲ್ಲದಂತೆ ಕಡೆದ ಕೈ ಹಾರ್ಪರ್‌ರದು. ಇದೇ ಕಚೇರಿಯಲ್ಲಿದ್ದ ಲೂಸಿಯಾ ಡಿರೆಸ್ಪಿನಿಸ್ ಕೂಡ ಗಡಿಯಾರಗಳ ಮೇಲೆ ಕೆಲಸ ಮಾಡಿದ್ದರು. ಅಂಥವರ ಹೆಸರುಗಳು ಬೆಳಕಿಗೆ ಬಂದದ್ದು ಅರ್ಧ ಶತಮಾನದ ಮೇಲೆ.

ಹಾರ್ಪರ್‌ರ ಕಲ್ಪನೆ ಎಷ್ಟು ವಿಶಾಲವಾಗಿತ್ತು ಎಂಬುದು ಗಡಿಯಾರಗಳನ್ನು ಒಟ್ಟಿಗೆ ನೋಡಿದಾಗ ತಿಳಿಯುತ್ತದೆ. 1950ರ 'ಆ್ಯಸ್ಟೆರಿಸ್ಕ್' ಬರಿಯ ಲೋಹದ ತಗಡಿನಿಂದ ಕತ್ತರಿಸಿದ ನಕ್ಷತ್ರ ಚಿಹ್ನೆ. ಮುಖ, ಗುರುತು, ಮೈ ಎಲ್ಲವೂ ಒಂದೇ ತುಂಡು. 'ಸ್ಪಿಂಡಲ್' ಗಡಿಯಾರದಲ್ಲಿ ಎರಡೂ ತುದಿ ಚೂಪಾದ, ನಡು ಉಬ್ಬಿದ ಮರದ ಕದಿರುಗಳು ನಡುಭಾಗದ ಸುತ್ತ ಹರಡಿವೆ. 'ಐ ಕ್ಲಾಕ್' ಅಡ್ಡಡ್ಡ ಹಿಗ್ಗಿದ ಕಣ್ಣು. ಅಲ್ಲಿ ಹನ್ನೆರಡು ಗುರುತುಗಳು ವೃತ್ತದಲ್ಲೇ ಇರಬೇಕೆಂಬ ನಿಯಮವೂ ಸಡಿಲವಾಗಿದೆ, ಆದರೂ ಹೊತ್ತು ಓದಲು ತಡವರಿಸಬೇಕಾಗಿಲ್ಲ. ಮುಳ್ಳುಗಳ ಕೋನವೇ ಸಾಕು ಎಂಬ ಕಚೇರಿಯ ಮೊದಲ ಮಾತಿಗೆ ಇದಕ್ಕಿಂತ ದಿಟ್ಟ ಪರೀಕ್ಷೆ ಇಲ್ಲ. 1958ರ 'ಸನ್‌ಫ್ಲವರ್' 75 ಸೆಂ.ಮೀ. ವ್ಯಾಸದ ದೊಡ್ಡ ಗಡಿಯಾರ. ಪ್ಲೈವುಡ್ಡಿನ ಬಾಗಿದ ಎಸಳುಗಳು ಒಂದರ ಬೆನ್ನಿಗೊಂದು ಹೊರಳಿಕೊಂಡು ಗೋಡೆಯ ಮೇಲೆ ನೆರಳು ಚೆಲ್ಲುತ್ತವೆ. ಈ ನೆರಳೂ ವಿನ್ಯಾಸದ ಅಂಗವೇ. ಪೆಟ್ಟಿಗೆಯ ಗಡಿಯಾರ ಗೋಡೆಗೆ ಅಂಟಿಕೊಂಡಿರುತ್ತಿತ್ತು. ಹಾರ್ಪರ್‌ರ ಗಡಿಯಾರಗಳು ಗೋಡೆಯಿಂದ ತುಸು ಮುಂದೆ ನಿಂತು, ದಿನದ ಬೆಳಕು ಸರಿದಂತೆ ಬದಲಾಗುತ್ತವೆ.

ಕಚೇರಿ ಬಿಟ್ಟ ಮೇಲೆ ಹಾರ್ಪರ್ ನ್ಯೂಯಾರ್ಕ್ ರಾಜ್ಯದ ರೈ ಎಂಬಲ್ಲಿನ ತಮ್ಮ ಮನೆಯ ತುಂಬ ಕಾಗದದ ಶಿಲ್ಪಗಳನ್ನು ಮಾಡಿಟ್ಟರು. ಮಡಿಕೆ, ಎಸಳು, ಕಿರಣ, ಮುಖವಾಡ ತುಂಬಿದ ಆ ಶಿಲ್ಪಗಳನ್ನು ನೋಡಿದವರಿಗೆ ಗಡಿಯಾರಗಳ ಕರ್ತೃ ಯಾರೆಂಬ ಅನುಮಾನ ಉಳಿಯುವುದಿಲ್ಲ.

ಅಣು ಮತ್ತು ಸೂರ್ಯ

ಕಡ್ಡಿಯ ತುದಿಗೆ ಗುಂಡು ಸಿಕ್ಕಿಸಿದ ರೂಪ ಆ ಕಾಲದಲ್ಲಿ ಎಲ್ಲೆಲ್ಲೂ ಕಾಣಿಸಿಕೊಂಡಿತು. ರಸಾಯನಶಾಸ್ತ್ರದ ತರಗತಿಗಳಲ್ಲಿ ಅಣುಗಳ ಮಾದರಿ ಹೀಗೆಯೇ ಇರುತ್ತಿತ್ತು. 1951ರ ಬ್ರಿಟನ್ ಉತ್ಸವದಲ್ಲಿ ಸ್ಫಟಿಕ ರಚನೆಗಳ ನಕ್ಷೆಗಳು ಪರದೆ, ಗೋಡೆ ಕಾಗದಗಳ ಚಿತ್ತಾರವಾದವು. ಅಮೆರಿಕದ ವಿನ್ಯಾಸಕರಾದ ಈಮ್ಸ್ ದಂಪತಿಯ 1953ರ ಬಟ್ಟೆ ತೂಗುಹಾಕುವ ಚೌಕಟ್ಟಿನಲ್ಲಿ ಬಣ್ಣದ ಮರದ ಗುಂಡುಗಳಿದ್ದವು. 1958ರ ಬ್ರಸೆಲ್ಸ್ ವಿಶ್ವಮೇಳದಲ್ಲಿ ಕಬ್ಬಿಣದ ಸ್ಫಟಿಕದ ಘಟಕವನ್ನು 102 ಮೀಟರ್ ಎತ್ತರದ ಕಟ್ಟಡವಾಗಿಸಿದ 'ಅಟೋಮಿಯಂ' ತಲೆಯೆತ್ತಿತು. ಬಾಲ್ ಕ್ಲಾಕಿಗೆ 'ಆಟಂ ಕ್ಲಾಕ್' ಎಂಬ ಅಡ್ಡಹೆಸರು ಬಂದದ್ದು ಸಹಜವೇ.

ಸಾಮಾನ್ಯ ಮನೆಗಳನ್ನು ಹೆಚ್ಚಾಗಿ ತಲುಪಿದ್ದು ಸೂರ್ಯಕಿರಣದ ಗಡಿಯಾರಗಳು. ನಡುವೆ ಪುಟ್ಟ ಮುಖ, ಸುತ್ತಲೂ ಉದ್ದ–ಗಿಡ್ಡ ಕಿರಣಗಳು: ಈ ರೂಪಕ್ಕೆ ಯೂರೋಪಿನ ಅರಮನೆ, ಚರ್ಚುಗಳ ಚಿನ್ನದ ಲೇಪದ ಕನ್ನಡಿಗಳಲ್ಲಿ ಹಳೆಯ ಬೇರುಗಳಿವೆ. ಅಮೆರಿಕದಲ್ಲಿ ಸೆತ್ ಥಾಮಸ್, ವೆಸ್ಟ್‌ಕ್ಲಾಕ್ಸ್, ಎಲ್ಜಿನ್, ವೆಲ್ಬಿ ಹೆಸರಿನ ಗಡಿಯಾರಗಳು, ಜರ್ಮನಿಯಲ್ಲಿ ಯುಂಗ್‌ಹಾನ್ಸ್, ಕೀನ್ಸ್‌ಲೆ, ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ ಮೆಟಾಮೆಕ್ ಇವನ್ನು ತಯಾರಿಸಿದವು. ಸಿರಾಕ್ಯೂಸ್ ನಗರದ ಸೈರೊಕೊ ಕಂಪನಿ ಮರದ ಪುಡಿಯ ಮಿಶ್ರಣವನ್ನು ಅಚ್ಚಿನಲ್ಲಿ ಒತ್ತಿ, ಚಿನ್ನದ ಬಣ್ಣ ಬಳಿದು ಮಾರಿತು. ಇವುಗಳಲ್ಲಿ ಬಹಳಷ್ಟು ಸಾಧಾರಣ ಕೆಲಸ. ಕಿರಣಗಳು ಗಂಟೆಗಳ ಸ್ಥಾನವನ್ನು ಸೂಚಿಸುವುದೂ ಇಲ್ಲ, ಒಳಗಿನ ಪುಟ್ಟ ಮುಖದಲ್ಲಿ ಅಂಕಿಗಳು ಹಳೆಯ ರೀತಿಯಲ್ಲೇ ಇರುತ್ತವೆ. ಹಾರ್ಪರ್‌ರ ಗಡಿಯಾರದಲ್ಲಿ ಕಿರಣವೇ ಅಂಕಿ, ಇಲ್ಲಿ ಕಿರಣ ಅಂಚಿನ ಕುಚ್ಚು. ಎರಡನ್ನೂ ಒಂದೇ ಶೈಲಿಯೆಂದು ಸೇರಿಸಿ ಮಾತಾಡುವಾಗ ಈ ವ್ಯತ್ಯಾಸ ಮರೆಯಬಾರದು.

ಯೂರೋಪಿನ ಉತ್ತರಗಳು

ಗಡಿಯಾರ ಅಲಂಕಾರವಾಯಿತು ಎಂಬ ಮಾತನ್ನು ಜರ್ಮನಿ, ಸ್ವಿಟ್ಜರ್ಲೆಂಡಿನ ವಿನ್ಯಾಸಕರು ಒಪ್ಪಲಿಲ್ಲ. ಅವರಿಗೆ ಗಡಿಯಾರ ಓದುವ ವಸ್ತುವೇ. ಓದನ್ನು ಇನ್ನಷ್ಟು ಹಗುರಗೊಳಿಸುವುದೇ ಸವಾಲು.

ಸ್ವಿಸ್ ರೈಲ್ವೆಯ ಎಂಜಿನಿಯರ್ ಹಾನ್ಸ್ ಹಿಲ್ಫಿಕರ್ (1901–1993) 1944ರಲ್ಲಿ ರೂಪಿಸಿದ ನಿಲ್ದಾಣದ ಗಡಿಯಾರ ಈ ಮನೋಧರ್ಮದ ಶಿಖರ. ಬಿಳಿ ಮುಖ, ದಪ್ಪ ಕಪ್ಪು ಪಟ್ಟಿಗಳು, ದಪ್ಪ ಕಪ್ಪು ಮುಳ್ಳುಗಳು, ಅಂಕಿ ಇಲ್ಲ. 1953ರಲ್ಲಿ ಅದಕ್ಕೆ ಕೆಂಪು ಸೆಕೆಂಡ್ ಮುಳ್ಳು ಸೇರಿತು. ರೈಲು ಹೊರಡಿಸಲು ಸಿಬ್ಬಂದಿ ಎತ್ತಿ ತೋರಿಸುತ್ತಿದ್ದ ಕೆಂಪು ಬಿಲ್ಲೆಯ ಕೋಲಿನ ಆಕಾರ ಅದಕ್ಕಿದೆ. ಈ ಮುಳ್ಳು ಒಂದು ಸುತ್ತನ್ನು ಸುಮಾರು 58.5 ಸೆಕೆಂಡಿನಲ್ಲಿ ಮುಗಿಸಿ, ಹನ್ನೆರಡರ ಸ್ಥಾನದಲ್ಲಿ ನಿಂತು ಕಾಯುತ್ತದೆ. ಮುಖ್ಯ ಗಡಿಯಾರದಿಂದ ನಿಮಿಷದ ಸಂಕೇತ ಬಂದ ಕೂಡಲೇ ನಿಮಿಷದ ಮುಳ್ಳು ಒಂದು ಮನೆ ಜಿಗಿಯುತ್ತದೆ, ಕೆಂಪು ಮುಳ್ಳು ಮತ್ತೆ ಹೊರಡುತ್ತದೆ. ದೇಶದ ಎಲ್ಲ ನಿಲ್ದಾಣಗಳ ಗಡಿಯಾರಗಳನ್ನು ಒಂದೇ ಹೊತ್ತಿನಲ್ಲಿಡಲು ಮಾಡಿದ ಈ ತಾಂತ್ರಿಕ ಉಪಾಯ ಪ್ರಯಾಣಿಕನಿಗೆ ಹೊರಡುವ ಕ್ಷಣದ ಸ್ಪಷ್ಟ ಸೂಚನೆಯೂ ಆಯಿತು. 2012ರಲ್ಲಿ ಆ್ಯಪಲ್ ಕಂಪನಿ ತನ್ನ ಐಪ್ಯಾಡಿನಲ್ಲಿ ಇದೇ ಮುಖವನ್ನು ಅನುಮತಿಯಿಲ್ಲದೆ ಬಳಸಿ, ಆಮೇಲೆ ಸ್ವಿಸ್ ರೈಲ್ವೆಯಿಂದ ಪರವಾನಗಿ ಪಡೆಯಬೇಕಾಯಿತು.

ಮನೆಯೊಳಗಿನ ಗಡಿಯಾರಕ್ಕೆ ಇದೇ ನಿಷ್ಠೆ ತಂದವರು ಮ್ಯಾಕ್ಸ್ ಬಿಲ್ (1908–1994). ಸ್ವಿಟ್ಜರ್ಲೆಂಡಿನ ವಿಂಟರ್ಥೂರ್‌ನಲ್ಲಿ ಹುಟ್ಟಿ, ಡೆಸೌ ನಗರದ ಬೌಹೌಸ್ ಶಾಲೆಯಲ್ಲಿ ಕಲಿತು, 1953ರಲ್ಲಿ ಇಂಗೆ ಶೋಲ್ ಮತ್ತು ಓಟ್ಲ್ ಐಖರ್ ಜೊತೆ ಉಲ್ಮ್ ವಿನ್ಯಾಸ ಶಾಲೆಯನ್ನು ಕಟ್ಟಿದವರು. ಅವರ ವಿದ್ಯಾರ್ಥಿ ಎರ್ನ್ಸ್ಟ್ ಮೋಕ್ಲ್ ಜೊತೆ ಸೇರಿ ಯುಂಗ್‌ಹಾನ್ಸ್ ಕಂಪನಿಗಾಗಿ ಮಾಡಿದ ಅಡುಗೆಮನೆ ಗಡಿಯಾರ 1956ರಲ್ಲಿ ಮಾರುಕಟ್ಟೆಗೆ ಬಂತು. ತಿಳಿ ನೀಲಿಯ ಸೆರಾಮಿಕ್ ಮೈ, ಮೇಲೆ ಗಡಿಯಾರ, ಕೆಳಗೆ ಅಡುಗೆಯ ಹೊತ್ತು ಅಳೆಯುವ 60 ನಿಮಿಷದ ಟೈಮರು. ಮೈ ಮೇಲೆ ಅಗಲ, ಕೆಳಗೆ ಕಿರಿದು. ಎರಡು ವೃತ್ತಗಳನ್ನು ಒಂದೇ ಗೆರೆ ಬಳಸಿ ಬರುತ್ತದೆ. ಗಂಟೆಗೆ ದಪ್ಪ ಗೆರೆ, ನಿಮಿಷಕ್ಕೆ ಸಣ್ಣ ಗೆರೆ. ಅವುಗಳ ಉದ್ದ ಮತ್ತು ದಪ್ಪದ ಅನುಪಾತವನ್ನು ಬಿಲ್ ಒಬ್ಬ ಚಿತ್ರಕಾರನ ಎಚ್ಚರದಿಂದ ಅಳೆದಿದ್ದಾರೆ. ಮುಂದೆ ಅವರು ಮಾಡಿದ ಅಲ್ಯೂಮಿನಿಯಂ ಅಂಚಿನ ಗೋಡೆ ಗಡಿಯಾರಗಳೂ 1961ರಿಂದ ಬಂದ ಕೈಗಡಿಯಾರಗಳೂ ಇದೇ ಮುಖದ ಮಕ್ಕಳು. ಬಾಲ್ ಕ್ಲಾಕ್ ಹೆಚ್ಚು ಪ್ರಸಿದ್ಧ, ಹೆಚ್ಚು ಮುದ್ದಾದದ್ದು. ಆದರೆ ದಿನಕ್ಕೆ ಹತ್ತಾರು ಸಲ ನೋಡಬೇಕಾದ ಅಡುಗೆಮನೆಯ ಗೋಡೆಗೆ ಬಿಲ್‌ರ ಗಡಿಯಾರದಷ್ಟು ಯೋಗ್ಯವಾದದ್ದನ್ನು ಆ ಕಾಲ ಮತ್ತೊಂದನ್ನು ಕೊಡಲಿಲ್ಲ.

ಡೆನ್ಮಾರ್ಕಿನ ಆರ್ನೆ ಯಾಕಬ್ಸನ್ (1902–1971) ಗಡಿಯಾರಗಳನ್ನು ತಮ್ಮ ಕಟ್ಟಡಗಳ ಅಂಗವಾಗಿ ರೂಪಿಸಿದರು. ಆರ್ಹುಸ್ ಪುರಭವನಕ್ಕೆ ರೋಮನ್ ಅಂಕಿಗಳ ಗಡಿಯಾರ, 1956ರ ರೋಡೊವ್ರ ಪುರಭವನಕ್ಕೆ ಗೆರೆಗಳ ಗಡಿಯಾರ, ಕೊನೆಯದಾಗಿ ಡೆನ್ಮಾರ್ಕಿನ ರಾಷ್ಟ್ರೀಯ ಬ್ಯಾಂಕಿಗೆ 1971ರ 'ಬ್ಯಾಂಕರ್ಸ್'. ಈ ಕೊನೆಯದರಲ್ಲಿ ಪ್ರತಿ ಗಂಟೆಯ ಸ್ಥಾನದಲ್ಲೂ ಪುಟ್ಟ ಚೌಕಗಳ ಸಾಲಿದೆ. ಸಾಲಿಗೊಂದು ಚೌಕ ತುಂಬಿಕೊಂಡು, ಒಟ್ಟಿಗೆ ನೋಡಿದರೆ ಸುರುಳಿಯೊಂದು ಮೂಡುತ್ತದೆ.

ಇಟಲಿಯ ಉತ್ತರ ಬೇರೆಯದೇ. ಉಡಿನೆ ನಗರದ ಸೊಲಾರಿ ಕಂಪನಿ ಮುಳ್ಳುಗಳನ್ನೇ ತೆಗೆದುಹಾಕಿ, ಪುಟ್ಟ ಹಲಗೆಗಳು ಒಂದರ ಮೇಲೊಂದು ಮಗುಚಿ ಬಿದ್ದು ಅಂಕಿಗಳನ್ನು ತೋರಿಸುವ ಗಡಿಯಾರಗಳನ್ನು ಮಾಡಿತು. ವಾಸ್ತುಶಿಲ್ಪಿ ಜೀನೊ ವಾಲೆ ರೂಪಿಸಿದ 'ಚಿಫ್ರಾ 5' 1956ರಲ್ಲಿ ಇಟಲಿಯ ಪ್ರತಿಷ್ಠಿತ ಕಂಪಾಸೊ ದೋರೊ ಪ್ರಶಸ್ತಿ ಪಡೆಯಿತು. ಇದೇ ತಂತ್ರ ರೈಲು, ವಿಮಾನ ನಿಲ್ದಾಣಗಳ ವೇಳಾಫಲಕಗಳಾಗಿ ಬೆಳೆದು, ಈರೊ ಸಾರಿನೆನ್ ಕಟ್ಟಿದ ನ್ಯೂಯಾರ್ಕಿನ ಟಿಡಬ್ಲ್ಯುಎ ನಿಲ್ದಾಣಕ್ಕೂ ಹೋಯಿತು. ಅಂಕಿಯನ್ನು ತೆಗೆದು ಮುಳ್ಳನ್ನು ಉಳಿಸಿದ ಜೀಲ್ಯಾಂಡ್, ಮುಳ್ಳನ್ನು ತೆಗೆದು ಅಂಕಿಯನ್ನು ಉಳಿಸಿದ ಉಡಿನೆ: ಒಂದೇ ದಶಕದಲ್ಲಿ ಸಾಂಪ್ರದಾಯಿಕ ಮುಖ ಹೀಗೆ ಎರಡು ಪಾಲಾಯಿತು. ಮುಂದೆ ಬಂದ ಎಲೆಕ್ಟ್ರಾನಿಕ್ ಗಡಿಯಾರಗಳು ಉಡಿನೆಯ ದಾರಿ ಹಿಡಿದವು.

ಜಪಾನಿನಲ್ಲಿ ರಿಕಿ ವಾತಾನಾಬೆ (1911–2013) ಸೈಕೊ ಕಂಪನಿಗಾಗಿ ಮಾಡಿದ ಗಡಿಯಾರಗಳಲ್ಲಿ ದೊಡ್ಡ ಸ್ಪಷ್ಟ ಅಂಕಿಗಳು ಮರಳಿ ಬಂದವು. ಟೋಕಿಯೊದ ಹಿಬಿಯಾದಲ್ಲಿ 1972ರಲ್ಲಿ ನಿಂತ ಕಂಬದ ಗಡಿಯಾರವೂ ಅವರದೇ.

ಭಾರತಕ್ಕೆ ಈ ವಿಚಾರಗಳು ಗಡಿಯಾರಗಳ ಮೂಲಕ ಬಂದದ್ದಕ್ಕಿಂತ ವಿನ್ಯಾಸ ಶಿಕ್ಷಣದ ಮೂಲಕ ಬಂದದ್ದು ಹೆಚ್ಚು. ಹರ್ಮನ್ ಮಿಲ್ಲರ್ ಕಂಪನಿಗೆ ಪೀಠೋಪಕರಣಗಳನ್ನು ರೂಪಿಸುತ್ತಿದ್ದ ಚಾರ್ಲ್ಸ್ ಮತ್ತು ರೇ ಈಮ್ಸ್ 1958ರಲ್ಲಿ ಭಾರತ ಸರ್ಕಾರಕ್ಕೆ ವರದಿ ಸಲ್ಲಿಸಿದರು. ಅದರ ಬೆನ್ನಿಗೆ 1961ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಆರಂಭವಾಯಿತು. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಸಿದ್ಧಪಡಿಸಿದ ಅಮೆರಿಕ–ಯೂರೋಪುಗಳ ಸಮಕಾಲೀನ ವಿನ್ಯಾಸದ ಪ್ರದರ್ಶನವೊಂದು 1959ರಲ್ಲಿ ದೆಹಲಿಯಿಂದ ಆರಂಭಿಸಿ ಭಾರತದ ನಗರಗಳನ್ನು ಸುತ್ತಿತ್ತು.

ಬ್ಯಾಟರಿ, ಕ್ವಾರ್ಟ್ಜ್ ಮತ್ತು ಮರುತಯಾರಿಕೆ

1950ರ ದಶಕದಿಂದಲೇ ಬ್ಯಾಟರಿಯಿಂದ ನಡೆಯುವ ಟ್ರಾನ್ಸಿಸ್ಟರ್ ಗಡಿಯಾರಗಳು ಬರತೊಡಗಿ, ಗೋಡೆಯ ಮೇಲಿನ ತಂತಿ ಮಾಯವಾಯಿತು. 1970ರ ದಶಕದಲ್ಲಿ ಕ್ವಾರ್ಟ್ಜ್ ಯಂತ್ರ ಅಗ್ಗವಾದಾಗ ಕಾಲದ ಅಳತೆ ಮತ್ತೆ ಗಡಿಯಾರದ ಒಳಕ್ಕೆ ಮರಳಿತು. ಸೆಕೆಂಡಿಗೆ 32,768 ಸಲ ಕಂಪಿಸುವ ಪುಟ್ಟ ಹರಳು ಸ್ಥಾವರದ ಲಯದ ಜಾಗಕ್ಕೆ ಬಂತು. ಆ ಹೊತ್ತಿಗೆ ರುಚಿಯೂ ಬದಲಾಗಿತ್ತು. ಹೊವರ್ಡ್ ಮಿಲ್ಲರ್ ಕಂಪನಿಯ ಹೆಸರು ಎತ್ತರದ ಲೋಲಕದ ಗಡಿಯಾರಗಳೊಂದಿಗೆ ಬೆಸೆದುಕೊಂಡಿತು. 2025ರಲ್ಲಿ ಅದು ಹಂತಹಂತವಾಗಿ ತಯಾರಿಕೆ ನಿಲ್ಲಿಸುವುದಾಗಿ ಪ್ರಕಟಿಸಿತು.

ನೆಲ್ಸನ್ ಕಚೇರಿಯ ಗಡಿಯಾರಗಳನ್ನು ಈಗ ಸ್ವಿಸ್ ಕಂಪನಿ ವಿಟ್ರಾ ಮತ್ತೆ ತಯಾರಿಸುತ್ತಿದೆ. ನೆಲ್ಸನ್‌ರ ಕಾಗದಪತ್ರಗಳು ಜರ್ಮನಿಯ ವೈಲ್ ಆಮ್ ರೈನ್‌ನಲ್ಲಿರುವ ವಿಟ್ರಾ ವಿನ್ಯಾಸ ಸಂಗ್ರಹಾಲಯದಲ್ಲಿವೆ. ಹೊಸ ಗಡಿಯಾರಗಳಲ್ಲಿ ಮೋಟಾರಿನ ಬದಲು ಕ್ವಾರ್ಟ್ಜ್ ಯಂತ್ರವಿದೆ, ಆದ್ದರಿಂದ ಯಾವ ದೇಶದ ಗೋಡೆಯ ಮೇಲೂ ನಡೆಯುತ್ತವೆ. 2007ರಿಂದ 2015ರವರೆಗೆ ಪ್ರಸಾರವಾದ 'ಮ್ಯಾಡ್ ಮೆನ್' ಟೆಲಿವಿಷನ್ ಸರಣಿ ಈ ಕಾಲದ ವಸ್ತುಗಳ ಬಗ್ಗೆ ಹೊಸ ಕುತೂಹಲ ಹುಟ್ಟಿಸಿತು. ಅಗ್ಗದ ನಕಲುಗಳೂ ಅದರ ಹಿಂದೆಯೇ ಬಂದವು.

ಹಳೆಯ ಗಡಿಯಾರವನ್ನು ಕೊಳ್ಳುವವರು ನೋಡಬೇಕಾದದ್ದು ಹಿಂಬದಿಯನ್ನು. ಆರಂಭದ ಗಡಿಯಾರಗಳಲ್ಲಿ ಹೊವರ್ಡ್ ಮಿಲ್ಲರ್ ಹೆಸರಿನ ಚೀಟಿ, ಮಾದರಿಯ ಸಂಖ್ಯೆ, 60 ಆವೃತ್ತಿಯ ಮೋಟಾರು ಮತ್ತು ತಂತಿ ಇರುತ್ತವೆ. ಬಾಲ್ ಕ್ಲಾಕಿನ ಸಂಖ್ಯೆ 4755. ಮೋಟಾರು ಕೆಟ್ಟಾಗ ಅದನ್ನು ಕಿತ್ತು ಕ್ವಾರ್ಟ್ಜ್ ಯಂತ್ರ ಜೋಡಿಸುವುದು ಸುಲಭ, ಆದರೆ ಆಗ ಮೂಲದ ಮುಳ್ಳುಗಳು ಹೊಸ ಯಂತ್ರದ ಅಕ್ಷಕ್ಕೆ ಕೂರದೆ ಕಳೆದುಹೋಗುವ ಅಪಾಯವಿದೆ. ಮುಳ್ಳುಗಳನ್ನು ಉಳಿಸಿಕೊಂಡು, ಅವುಗಳ ರಂಧ್ರಕ್ಕೆ ಹೊಂದುವ ತೆಳುವಾದ ತೋಳು ತಿರುವಿಸಿ ಕೂರಿಸುವ ದುರಸ್ತಿಗಾರರು ಹೆಚ್ಚು ಕೂಲಿ ಕೇಳುತ್ತಾರೆ. ಕೊಡುವುದು ನ್ಯಾಯ.